ನಾಳೆಯ ನೆವ: ವಿದ್ಯಾರ್ಥಿಗಳ ಕಾಲವಿಳಂಬದ ಮನೋಮೂಲಗಳು

ಮಹಾಭಾರತದ ಶಾಂತಿಪರ್ವದಲ್ಲಿ ಭೀಷ್ಮನು ಧರ್ಮರಾಯನಿಗೆ ಮೂರು ಮೀನುಗಳ ಕಥೆಯೊಂದನ್ನು ಹೇಳುತ್ತಾನೆ. ಆಳವಿಲ್ಲದ ಕೊಳವೊಂದರಲ್ಲಿ ಮೂರು ಮೀನುಗಳು ಗೆಳೆತನದಿಂದ ಬಾಳುತ್ತಿದ್ದವು. ಬೆಸ್ತರು ಕೊಳದ ನೀರನ್ನು ಹೊರಹರಿಸತೊಡಗಿದಾಗ ಮುಂದಾಗುವುದನ್ನು ಮೊದಲೇ ಕಾಣಬಲ್ಲ ಒಂದು ಮೀನು ಉಳಿದವಕ್ಕೆ ಎಚ್ಚರಿಕೆ ಹೇಳಿ, ಹರಿಯುವ ನೀರಿನೊಡನೆ ಬೇರೊಂದು ಮಡುವಿಗೆ ಹೊರಟುಹೋಯಿತು. ಎರಡನೆಯದು ಪ್ರತ್ಯುತ್ಪನ್ನಮತಿ. ಆಯಾ ಹೊತ್ತಿಗೆ ತಕ್ಕ ಬುದ್ಧಿ ಹೊಳೆಯುತ್ತದೆಂದು ನಂಬಿ ಅದು ಅಲ್ಲಿಯೇ ಉಳಿಯಿತು. ಬೆಸ್ತರು ಹಿಡಿದ ಮೀನುಗಳನ್ನು ಹಗ್ಗಕ್ಕೆ ಪೋಣಿಸುವಾಗ ತಾನೇ ಹಗ್ಗವನ್ನು ಕಚ್ಚಿಕೊಂಡು, ತೊಳೆಯಲೆಂದು ನೀರಿಗೆ ಇಳಿಸಿದಾಗ ಬಿಟ್ಟು ಪಾರಾಯಿತು. ಮೂರನೆಯದು ಅವಸರವೇನಿದೆ ಎಂದುಕೊಂಡಿತು, ಪ್ರಾಣ ಕಳೆದುಕೊಂಡಿತು. ಅದರ ಹೆಸರು ದೀರ್ಘಸೂತ್ರ.

ದೀರ್ಘಸೂತ್ರವೆಂದರೆ ಉದ್ದವಾದ ದಾರ. ಕೆಲಸವನ್ನು ದಾರದಂತೆ ಎಳೆಯುತ್ತ ಹೋಗುವವನು ದೀರ್ಘಸೂತ್ರಿ. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯವು ತಾಮಸ ಕರ್ತೃವಿನ ಲಕ್ಷಣಗಳನ್ನು ಎಣಿಸುವಾಗ ಇದೇ ಪದವನ್ನು ಕೊನೆಗೆ ಇರಿಸಿದೆ. ಇಂಗ್ಲಿಷಿನಲ್ಲಿ ಈ ಸ್ವಭಾವಕ್ಕೆ ಬಳಸುವ ಮಾತು ಲ್ಯಾಟಿನ್ನಿನಿಂದ ಬಂದುದು. ಅದರ ಒಡಲಲ್ಲಿರುವುದು 'ನಾಳೆಗೆ ಸೇರಿದ' ಎಂಬ ಅರ್ಥದ ಶಬ್ದ. ಮರಾಠಿಯಲ್ಲಿ ಚಾಲಢಕಲ, ದಿರಂಗಾಯಿ, ಟಾಳಾಟಾಳ ಎಂಬ ಮೂರು ಮಾತುಗಳಿವೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಕನ್ನಡಿಗರ ಕಿವಿಗೆ ಈ ಮೂರೂ ಹೊಸವಲ್ಲ. ಇಷ್ಟು ಭಾಷೆಗಳು ಇಷ್ಟು ಹಿಂದಿನಿಂದ ಹೆಸರಿಟ್ಟು ಕರೆದಿರುವ ಈ ಸ್ವಭಾವವು ಇಂದಿನ ಮೊಬೈಲಿನಿಂದ ಹುಟ್ಟಿದ್ದಲ್ಲ ಎಂಬುದು ಸ್ಪಷ್ಟ. ಅದರ ಬೇರುಗಳು ಮನಸ್ಸಿನಲ್ಲಿವೆ. ಕಳೆದ ನಾಲ್ಕು ದಶಕಗಳಲ್ಲಿ ಮನಶ್ಶಾಸ್ತ್ರಜ್ಞರು ಅವನ್ನು ಬಗೆದು ನೋಡಿದ್ದಾರೆ. ಅವರು ಹೆಚ್ಚಾಗಿ ಪರೀಕ್ಷಿಸಿದ್ದು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನೇ.

ಆಲಸ್ಯವಲ್ಲ, ವಿಳಂಬ

ಮೊದಲು ಪದದ ಗಡಿಯನ್ನು ಗುರುತಿಸಬೇಕು. ತಡವಾದುದೆಲ್ಲವೂ ಕಾಲವಿಳಂಬವಲ್ಲ. ಜೋಳದ ರಾಶಿಯ ದಿನಗಳಲ್ಲಿ ಹೊಲದಲ್ಲಿ ದುಡಿದು ಬರುವ ವಿದ್ಯಾರ್ಥಿ, ಸಂಜೆ ತಾಯಿಯೊಡನೆ ಬೀಡಿ ಕಟ್ಟಲು ಕೂಡುವ ವಿದ್ಯಾರ್ಥಿನಿ, ಕಬ್ಬು ಕಡಿಯಲು ಹೋದ ಹೆತ್ತವರ ಬದಲಿಗೆ ಮನೆಯ ಹೊಣೆ ಹೊತ್ತವರು ಗೃಹಪಾಠವನ್ನು ತಡವಾಗಿ ಒಪ್ಪಿಸಿದರೆ ಅದು ಅವರ ಮನಸ್ಸಿನ ದೋಷವಲ್ಲ; ಅದು ಬದುಕಿನ ಒತ್ತಡ. ಹಾಗೆಯೇ ಹೆಚ್ಚಿನ ಸಾಮಗ್ರಿ ಕೈಸೇರಲೆಂದು ಬರವಣಿಗೆಯನ್ನು ಬೇಕೆಂದೇ ಒಂದು ವಾರ ತಡೆದಿರಿಸುವುದು ವಿವೇಕ.

ಕಾಲವಿಳಂಬಕ್ಕೆ ಮೂರು ಗುರುತುಗಳಿವೆ. ಕೆಲಸವನ್ನು ಮಾಡಬೇಕೆಂದು ಆ ವ್ಯಕ್ತಿಯೇ ನಿಶ್ಚಯಿಸಿರುತ್ತಾನೆ. ಅದನ್ನು ಮಾಡಲು ಹೊತ್ತೂ ಅವಕಾಶವೂ ಇರುತ್ತವೆ. ತಡಮಾಡಿದರೆ ತನಗೇ ಕೇಡೆಂಬುದು ಅವನಿಗೆ ಗೊತ್ತಿರುತ್ತದೆ. ಇಷ್ಟಿದ್ದೂ ಅವನು ಅದನ್ನು ತಾನಾಗಿಯೇ ಮುಂದಕ್ಕೆ ತಳ್ಳುತ್ತಾನೆ. ಆಲಸಿಗೂ ಇವನಿಗೂ ಇರುವ ವ್ಯತ್ಯಾಸ ಇಲ್ಲಿಯೇ ಇದೆ. ಆಲಸಿಗೆ ಕೆಲಸ ಮಾಡುವ ಇಚ್ಛೆಯೇ ಇರುವುದಿಲ್ಲ, ಆದಕಾರಣ ಮಾಡದಿರುವ ಕೊರಗೂ ಇರುವುದಿಲ್ಲ. ವಿಳಂಬಿಯಾದರೋ ಕೆಲಸವನ್ನೂ ಮಾಡುವುದಿಲ್ಲ, ವಿಶ್ರಾಂತಿಯನ್ನೂ ಅನುಭವಿಸುವುದಿಲ್ಲ. ಬರೆಯಬೇಕಾದ ಪ್ರಬಂಧದ ನೆನಪು ಸಿನೆಮಾ ನೋಡುವಾಗಲೂ ಜಾತ್ರೆಗೆ ಹೋದಾಗಲೂ ಅವನ ಬೆನ್ನಿಗಿರುತ್ತದೆ. ಇಂಥವನನ್ನು 'ಮೈಗಳ್ಳ' ಎಂದು ಜರೆದರೆ ರೋಗವೇ ಬೇರೆ, ಔಷಧಿಯೇ ಬೇರೆ ಎಂಬಂತಾಗುತ್ತದೆ.

ಎಷ್ಟು ವ್ಯಾಪಕ?

1984ರಲ್ಲಿ ಲಾರಾ ಸಾಲೊಮನ್ ಮತ್ತು ಎಸ್ತರ್ ರಾತ್‌ಬ್ಲಮ್ ಎಂಬ ಸಂಶೋಧಕಿಯರು ಅಮೆರಿಕದ ವಿಶ್ವವಿದ್ಯಾಲಯವೊಂದರ 342 ವಿದ್ಯಾರ್ಥಿಗಳನ್ನು ಪ್ರಶ್ನಿಸಿದರು. ಪ್ರಬಂಧ ಬರೆಯುವುದನ್ನು ಯಾವಾಗಲೂ ಅಥವಾ ಬಹುಮಟ್ಟಿಗೆ ಯಾವಾಗಲೂ ಮುಂದೂಡುತ್ತೇವೆ ಎಂದವರು ಶೇ. 46. ವಾರವಾರದ ಓದನ್ನು ಮುಂದೂಡುವವರು ಸುಮಾರು ಶೇ. 30, ಪರೀಕ್ಷೆಯ ಅಭ್ಯಾಸವನ್ನು ಮುಂದೂಡುವವರು ಸುಮಾರು ಶೇ. 28. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಅತಿ ಹೆಚ್ಚು ಮುಂದಕ್ಕೆ ಹೋಗುವುದು ಬರವಣಿಗೆ. ಓದುವುದಕ್ಕೆ ಪುಸ್ತಕ ಮುಂದಿರುತ್ತದೆ. ಬರೆಯುವವನ ಮುಂದೆ ಬರಿಯ ಹಾಳೆಯಿರುತ್ತದೆ. ಎಲ್ಲಿ ತೊಡಗಬೇಕು, ಎಷ್ಟಾದರೆ ಸಾಕು ಎಂಬುದನ್ನು ಅವನೇ ನಿರ್ಣಯಿಸಬೇಕಾಗುತ್ತದೆ.

2007ರಲ್ಲಿ ಕೆನಡಾದ ಪಿಯರ್ಸ್ ಸ್ಟೀಲ್ ಎಂಬ ವಿದ್ವಾಂಸರು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ವಿವೇಚಿಸಿದರು. ಕಾಲೇಜು ವಿದ್ಯಾರ್ಥಿಗಳಲ್ಲಿ ಶೇ. 80ರಿಂದ 95ರಷ್ಟು ಮಂದಿ ಒಂದಿಲ್ಲೊಂದು ಪ್ರಮಾಣದಲ್ಲಿ ಹೀಗೆ ಮಾಡುತ್ತಾರೆ. ಸುಮಾರು ಅರ್ಧದಷ್ಟು ಮಂದಿಗೆ ಇದು ಪದೇ ಪದೇ ತೊಂದರೆ ಕೊಡುವ ಅಭ್ಯಾಸವಾಗಿರುತ್ತದೆ ಎಂಬ ಅಂದಾಜುಗಳನ್ನು ಅವರು ದಾಖಲಿಸಿದ್ದಾರೆ. ಈ ಅಂಕೆಗಳು ಬೇರೆ ನಾಡಿನವು. ಆದರೂ ಸತ್ರದ ಕೊನೆಯ ವಾರದಲ್ಲಿ ನಮ್ಮ ಕಡೆಯ ಯಾವ ಮಹಾವಿದ್ಯಾಲಯದ ಗ್ರಂಥಾಲಯವನ್ನು ಹೊಕ್ಕರೂ ಅಪರಿಚಿತವೆನಿಸಲಾರವು.

ಬೇಸರದಿಂದ ಪಾರಾಗುವ ದಾರಿ

ಕಾಲವಿಳಂಬವನ್ನು ಬಹುಕಾಲ 'ಸಮಯಪಾಲನೆಯ ಕೊರತೆ' ಎಂದೇ ತಿಳಿಯಲಾಗಿತ್ತು. ವೇಳಾಪಟ್ಟಿ ಹಾಕಿಕೊಂಡರೆ ಎಲ್ಲವೂ ಸರಿಯಾಗುತ್ತದೆಂಬ ಉಪದೇಶ ಹುಟ್ಟಿದ್ದು ಆ ತಿಳುವಳಿಕೆಯಿಂದ. ಆದರೆ ಅಂದವಾದ ವೇಳಾಪಟ್ಟಿಯನ್ನು ಬಣ್ಣಬಣ್ಣದ ಪೆನ್ನುಗಳಿಂದ ಬರೆದು ಗೋಡೆಗೆ ಅಂಟಿಸಿ, ಮರುದಿನದಿಂದಲೇ ಅದನ್ನು ಮುರಿಯುವ ವಿದ್ಯಾರ್ಥಿಗಳು ಎಲ್ಲ ಕಾಲೇಜುಗಳಲ್ಲಿಯೂ ಇದ್ದಾರೆ. ಫ್ಯೂಷಿಯಾ ಸಿರ್ವಾ ಮತ್ತು ತಿಮೊಥಿ ಪಿಚಲ್ ಎಂಬ ಸಂಶೋಧಕರು 2013ರಲ್ಲಿ ಬೇರೆಯೇ ವಿವರಣೆಯನ್ನು ಮುಂದಿಟ್ಟರು. ಅವರ ಪ್ರಕಾರ ವಿಳಂಬಿಯು ದೂರವಿಡುವುದು ಕೆಲಸವನ್ನಲ್ಲ, ಆ ಕೆಲಸವು ಎಬ್ಬಿಸುವ ಅಹಿತವಾದ ಭಾವವನ್ನು.

ಇದನ್ನು ಐಚ್ಛಿಕ ಕನ್ನಡದ ಒಂದು ಉದಾಹರಣೆಯಿಂದ ತಿಳಿಯಬಹುದು. ಪದವಿ ವರ್ಗದ ವಿದ್ಯಾರ್ಥಿಯೊಬ್ಬ ಹಳಗನ್ನಡದ ಚಂಪೂಕಾವ್ಯವೊಂದರ ಭಾಗವನ್ನು ಓದಿ ಟಿಪ್ಪಣಿ ಬರೆಯಬೇಕಾಗಿದೆ ಎಂದು ಭಾವಿಸಬಹುದು. ಪುಸ್ತಕ ತೆರೆದೊಡನೆ ಮೊದಲ ಪದ್ಯದಲ್ಲಿಯೇ ಗೊತ್ತಿಲ್ಲದ ಆರು ಶಬ್ದಗಳು ಎದುರಾಗುತ್ತವೆ. ಸಂಧಿ ಬಿಡಿಸಲು ಬಾರದು, ಅನ್ವಯ ಕೂಡಿ ಬಾರದು. ಕನ್ನಡವೇ ಮನೆಮಾತಾಗಿದ್ದೂ ಕನ್ನಡ ತಿಳಿಯದೆಂಬ ಸಂಕೋಚ ಮನಸ್ಸನ್ನು ಚುಚ್ಚುತ್ತದೆ. ಆ ಕ್ಷಣಕ್ಕೆ ಪುಸ್ತಕವನ್ನು ಮುಚ್ಚಿ 'ನಾಳೆ ಬೆಳಗ್ಗೆ ತಲೆ ತಿಳಿಯಾಗಿರುವಾಗ ಓದಿದರಾಯಿತು' ಎಂದುಕೊಂಡರೆ ಚುಚ್ಚು ತಟ್ಟನೆ ನಿಲ್ಲುತ್ತದೆ. ಮನಸ್ಸು ಹಗುರವಾಗುತ್ತದೆ. ಈ ಹಗುರವಾಗುವಿಕೆಯೇ ಬಹುಮಾನ. ಯಾವ ನಡತೆಗೆ ಒಡನೆಯೇ ಬಹುಮಾನ ದೊರೆಯುತ್ತದೆಯೋ ಅದು ಮರುಕಳಿಸುತ್ತದೆ ಎಂಬುದು ಮನಶ್ಶಾಸ್ತ್ರದ ಹಳೆಯ ನಿಯಮ. ಮರುದಿನ ಅದೇ ಪುಟ ತೆರೆದಾಗ ಹಿಂದಿನ ಸಂಕೋಚದೊಡನೆ ತಡಮಾಡಿದ ಅಪರಾಧಭಾವವೂ ಸೇರಿಕೊಂಡಿರುತ್ತದೆ. ಕೆಲಸ ನಿನ್ನೆಗಿಂತ ಅಹಿತವಾಗಿ ತೋರುತ್ತದೆ, ಪುಸ್ತಕ ಮತ್ತೆ ಮುಚ್ಚಿಕೊಳ್ಳುತ್ತದೆ.

1990ರ ದಶಕದಲ್ಲಿ ಕರ್ನಾಟಕದ ಹಲವು ಊರುಗಳಲ್ಲಿ ಮನೆಯ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುವ ರೂಢಿ ಹಬ್ಬಿತ್ತು. ರಾತ್ರಿ ಬಾಗಿಲು ತಟ್ಟುವ ದೆವ್ವವು ಆ ಬರಹವನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದಾಗಲೂ ಅದನ್ನೇ ಓದಿ ಮರಳುತ್ತದೆ ಎಂಬ ನಂಬಿಕೆ ಅದಕ್ಕೆ ಆಧಾರ. ವಿಳಂಬಿಯು ತನ್ನ ಕೆಲಸದ ಮೇಲೆ ಬರೆಯುವುದೂ ಇದನ್ನೇ. ಭೇದವಿಷ್ಟೆ: ದೆವ್ವ ಪ್ರತಿ ರಾತ್ರಿ ಅಷ್ಟೇ ಗಾತ್ರದ್ದಾಗಿ ಬರುತ್ತದೆ, ಗೃಹಪಾಠ ಬರಬರುತ್ತ ಬೆಳೆದಿರುತ್ತದೆ.

ಸೋಲಿನ ಭಯ

ಸಾಲೊಮನ್ ಮತ್ತು ರಾತ್‌ಬ್ಲಮ್ ಅವರ ಅಧ್ಯಯನದಲ್ಲಿ ವಿಳಂಬಕ್ಕೆ ಎರಡು ಮುಖ್ಯ ಕಾರಣಗಳು ಕಂಡುಬಂದವು. ಕೆಲಸದ ಮೇಲಿನ ಬೇಸರ ಒಂದು, ಸೋಲಿನ ಭಯ ಇನ್ನೊಂದು. ಎರಡನೆಯದು ಹೆಚ್ಚು ಸೂಕ್ಷ್ಮವಾದುದು.

ಒಂದು ತಿಂಗಳು ಶ್ರಮಪಟ್ಟು ಬರೆದ ಪ್ರಬಂಧಕ್ಕೆ ಕಡಿಮೆ ಅಂಕಗಳು ಬಂದರೆ ಅದು ವಿದ್ಯಾರ್ಥಿಯ ಸಾಮರ್ಥ್ಯದ ಮೇಲಿನ ತೀರ್ಪಾಗುತ್ತದೆ. ಕೊನೆಯ ರಾತ್ರಿ ಗೀಚಿದ ಪ್ರಬಂಧಕ್ಕೆ ಕಡಿಮೆ ಅಂಕಗಳು ಬಂದರೆ 'ಹೊತ್ತು ಸಾಲಲಿಲ್ಲ' ಎನ್ನಬಹುದು; ಹೆಚ್ಚು ಬಂದರೆ 'ಒಂದೇ ರಾತ್ರಿಯಲ್ಲಿ ಬರೆದೆ' ಎಂದು ಹೆಮ್ಮೆಪಡಬಹುದು. ಎರಡು ಕಡೆಯಿಂದಲೂ ಅಭಿಮಾನ ಉಳಿಯುತ್ತದೆ. ತನ್ನ ದಾರಿಗೆ ತಾನೇ ಕಲ್ಲಿಟ್ಟುಕೊಂಡು ಎಡವಿದ್ದಕ್ಕೆ ಆ ಕಲ್ಲನ್ನೇ ಕಾರಣವಾಗಿಸುವ ಈ ನಡತೆಯನ್ನು ಸ್ಟೀವನ್ ಬರ್ಗ್ಲಾಸ್ ಮತ್ತು ಎಡ್ವರ್ಡ್ ಜೋನ್ಸ್ 1978ರಲ್ಲಿ ಒಂದು ಪ್ರಯೋಗದ ಮೂಲಕ ತೋರಿಸಿದರು. ಬಿಡಿಸಲಾಗದ ಸಮಸ್ಯೆಗಳನ್ನು ಕೆಲವು ವಿದ್ಯಾರ್ಥಿಗಳಿಗೆ ಕೊಟ್ಟು, ಅವರು ಏನು ಬರೆದಿದ್ದರೂ ಬಹಳ ಚೆನ್ನಾಗಿ ಬಿಡಿಸಿದ್ದೀರಿ ಎಂದು ಹೇಳಲಾಯಿತು. ಎರಡನೆಯ ಪರೀಕ್ಷೆಗೆ ಮೊದಲು ಎರಡು ಔಷಧಿಗಳಲ್ಲಿ ಒಂದನ್ನು ಆರಿಸಿಕೊಳ್ಳಲು ಸೂಚಿಸಲಾಯಿತು. ಒಂದು ಬುದ್ಧಿಯನ್ನು ಚುರುಕುಗೊಳಿಸುವುದು, ಇನ್ನೊಂದು ಮಂಕುಗೊಳಿಸುವುದು. ತಾವು ಹೇಗೆ ಗೆದ್ದೆವೆಂದು ತಿಳಿಯದಿದ್ದ ವಿದ್ಯಾರ್ಥಿಗಳು, ಮುಖ್ಯವಾಗಿ ಯುವಕರು, ಮಂಕುಗೊಳಿಸುವ ಔಷಧಿಯನ್ನೇ ಹೆಚ್ಚಾಗಿ ಆರಿಸಿಕೊಂಡರು. ತಳಹದಿಯಿಲ್ಲದ ಹೊಗಳಿಕೆ ಕೂಡ ಮುಂದಿನ ಸೋಲಿನ ಭಯವನ್ನು ಹುಟ್ಟಿಸುತ್ತದೆ ಎಂಬುದು ಇಲ್ಲಿ ಅಧ್ಯಾಪಕರೂ ಹೆತ್ತವರೂ ಅರಿಯಬೇಕಾದ ಪಾಠ.

ಗಡಿನಾಡಿನ ಕನ್ನಡ ವಿದ್ಯಾರ್ಥಿಯಲ್ಲಿ ಈ ಭಯ ಇನ್ನೊಂದು ರೂಪವನ್ನು ತಾಳುತ್ತದೆ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಕಲಿತು ಮುಂದೆ ಮರಾಠಿ ಮಾಧ್ಯಮದ ವರ್ಗಗಳಿಗೆ ಬಂದವನು ಮರಾಠಿಯಲ್ಲಿ ಬರೆಯುವಾಗ ಕನ್ನಡದ ಹುಡುಗನೆನಿಸುತ್ತಾನೆ. ಕನ್ನಡದಲ್ಲಿ ಬರೆಯುವಾಗ ಪ್ರತಿ ವಾಕ್ಯದಲ್ಲಿಯೂ ಮರಾಠಿ ಇಣುಕಿತೇ ಎಂದು ಅಂಜುತ್ತಾನೆ. ಮನೆಯ ಕನ್ನಡ ಗ್ರಂಥಸ್ಥ ಕನ್ನಡವಲ್ಲ. ಬೆಂಗಳೂರು, ಧಾರವಾಡಗಳ ಪುಸ್ತಕಗಳ ಭಾಷೆ ಕೈಗೆ ಒಗ್ಗಿಲ್ಲ. ತಪ್ಪಿಲ್ಲದ ಕನ್ನಡ ಬಂದ ಮೇಲೆ ಬರೆದರಾಯಿತು ಎಂಬ ನಿರ್ಧಾರ ಮೇಲ್ನೋಟಕ್ಕೆ ಭಾಷಾಪ್ರೀತಿಯಂತೆ ಕಾಣುತ್ತದೆ. ಆದರೆ ಬರೆಯದೆ ತಪ್ಪಿಲ್ಲದ ಕನ್ನಡ ಬರುವ ದಾರಿಯಿಲ್ಲ. ನೀರಿಗಿಳಿಯದೆ ಈಜು ಬಾರದು.

ಪರಿಪೂರ್ಣತೆಯ ಹಂಬಲವೇ ವಿಳಂಬಕ್ಕೆ ಕಾರಣವೆಂಬ ಮಾತು ಬಹಳ ಪ್ರಚಲಿತವಾಗಿದೆ. ಸಂಶೋಧನೆ ಅದನ್ನು ಪೂರ್ತಿ ಸಮರ್ಥಿಸುವುದಿಲ್ಲ. ತನ್ನ ಕೆಲಸ ಉತ್ತಮವಾಗಿರಬೇಕೆಂದು ತಾನೇ ಬಯಸುವವರು ವಿಶೇಷವಾಗಿ ತಡಮಾಡುವವರಲ್ಲ. ಇತರರು ತನ್ನಿಂದ ಪರಿಪೂರ್ಣತೆಯನ್ನು ಅಪೇಕ್ಷಿಸುತ್ತಾರೆ, ತಪ್ಪಿದರೆ ನಗುತ್ತಾರೆ ಎಂಬ ಭಾವ ಉಳ್ಳವರಲ್ಲಿ ಮಾತ್ರ ಸಂಬಂಧ ಸ್ವಲ್ಪ ಕಾಣುತ್ತದೆ. ಅಂದರೆ ತೊಡಕಿರುವುದು ಒಳ್ಳೆಯ ಕೆಲಸದ ಆಸೆಯಲ್ಲಲ್ಲ, ನೋಡುವವರ ಕಣ್ಣಿನ ಅಂಜಿಕೆಯಲ್ಲಿ.

ಕಾಲದ ತಪ್ಪು ಲೆಕ್ಕ

ಭಾವನೆಗಳಂತೆಯೇ ಕಾಲವನ್ನು ಅಳೆಯುವ ರೀತಿಯೂ ವಿಳಂಬಕ್ಕೆ ಇಂಬು ಕೊಡುತ್ತದೆ. ದೂರದಲ್ಲಿರುವ ಫಲ ಮನಸ್ಸಿಗೆ ಚಿಕ್ಕದಾಗಿ ತೋರುತ್ತದೆ, ಹತ್ತಿರದ ಫಲ ದೊಡ್ಡದಾಗಿ ತೋರುತ್ತದೆ. ಜಾರ್ಜ್ ಐನ್ಸ್ಲಿ ಎಂಬ ವಿದ್ವಾಂಸರು 1975ರಲ್ಲಿ ಈ ಕುಗ್ಗುವಿಕೆಗೆ ಒಂದು ವಿಶಿಷ್ಟವಾದ ವಕ್ರರೇಖೆಯಿದೆ ಎಂದು ವಿವರಿಸಿದರು. ಒಂದು ಸರಳವಾದ ಲೆಕ್ಕದಿಂದ ಅದನ್ನು ಗ್ರಹಿಸಬಹುದು. ಪ್ರಬಂಧ ಮುಗಿಸಿದರೆ ಸಿಗುವ ತೃಪ್ತಿಯ ಬೆಲೆ 60 ಎಂದೂ, ಈ ಕ್ಷಣ ಮೊಬೈಲು ನೋಡಿದರೆ ಸಿಗುವ ಸುಖದ ಬೆಲೆ 5 ಎಂದೂ ಇಟ್ಟುಕೊಳ್ಳಬಹುದು. ಫಲಕ್ಕೆ ಉಳಿದ ದಿನಗಳಿಗೆ ಒಂದನ್ನು ಕೂಡಿಸಿ, ಆ ಮೊತ್ತದಿಂದ ಬೆಲೆಯನ್ನು ಭಾಗಿಸಿದರೆ ಈ ಹೊತ್ತಿನ ತೂಕ ದೊರೆಯುತ್ತದೆ. ಸಲ್ಲಿಕೆಗೆ 29 ದಿನಗಳಿರುವಾಗ ಪ್ರಬಂಧದ ತೂಕ ಕೇವಲ 2. ಮೊಬೈಲು ಗೆಲ್ಲುತ್ತದೆ. ಉಳಿದ ದಿನಗಳು 11 ಆದಾಗ ಎರಡೂ ಸರಿಸಮ. 5 ದಿನಗಳಿರುವಾಗ ಪ್ರಬಂಧದ ತೂಕ 10. ಆಗ ಪೆನ್ನು ಕೈಗೆ ಬರುತ್ತದೆ. ಪ್ರಬಂಧದ ನಿಜವಾದ ಬೆಲೆ ಮೊದಲಿನಿಂದ ಕೊನೆಯವರೆಗೂ 60 ಆಗಿಯೇ ಇತ್ತು. ಬದಲಾದದ್ದು ದೂರ ಮಾತ್ರ. ಹದಿನೆಂಟು ದಿನ ತಡಮಾಡಿದವನಿಗೆ ಕೊನೆಯ ವಾರ ಹಠಾತ್ತನೆ ಹುಟ್ಟುವ ಉತ್ಸಾಹದ ಗುಟ್ಟು ಇದು.

ಸ್ಟೀಲ್ ಅವರು ಇದಕ್ಕೆ ಇನ್ನೆರಡು ಅಂಶಗಳನ್ನು ಕೂಡಿಸುತ್ತಾರೆ. ಯಶಸ್ಸು ಸಿಗುತ್ತದೆಂಬ ನಂಬಿಕೆ ಹೆಚ್ಚಿದಷ್ಟೂ ಪ್ರೇರಣೆ ಹೆಚ್ಚುತ್ತದೆ. ಮನಸ್ಸಿನ ಚಂಚಲತೆ ಹೆಚ್ಚಿದಷ್ಟೂ ಅದು ಕುಗ್ಗುತ್ತದೆ. ಆದುದರಿಂದ ಒಂದೇ ವರ್ಗದ ಇಬ್ಬರು ವಿದ್ಯಾರ್ಥಿಗಳು ಬೇರೆ ಬೇರೆ ಕಾರಣಗಳಿಂದ ತಡಮಾಡುತ್ತಿರಬಹುದು. ಒಬ್ಬನಿಗೆ ತನ್ನಿಂದಾಗದೆಂಬ ಅಪನಂಬಿಕೆ, ಇನ್ನೊಬ್ಬನಿಗೆ ಕೈಯಳತೆಯಲ್ಲಿಯೇ ಇರುವ ಮೊಬೈಲಿನ ಸೆಳೆತ. ಇಬ್ಬರಿಗೂ ಒಂದೇ ಉಪದೇಶ ನಾಟದು.

ಇದರೊಡನೆ ಎಷ್ಟು ದಿನ ಬೇಕಾದೀತೆಂಬ ಅಂದಾಜಿನಲ್ಲಿಯೂ ಮನಸ್ಸು ಎಡವುತ್ತದೆ. 1994ರಲ್ಲಿ ರೋಜರ್ ಬ್ಯೂಲರ್ ಮತ್ತು ಸಂಗಡಿಗರು ಕೆನಡಾದಲ್ಲಿ ಪದವಿಯ ಕಿರು ಸಂಶೋಧನ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು, ಅದು ಎಂದು ಮುಗಿಯುತ್ತದೆಂದು ಕೇಳಿದರು. ಸರಾಸರಿ ಉತ್ತರ ಸುಮಾರು 34 ದಿನಗಳು. ಎಲ್ಲವೂ ಕೆಟ್ಟದಾಗಿಯೇ ನಡೆದರೆ ಎಂದು ಕೇಳಿದಾಗ ಬಂದ ಉತ್ತರ ಸುಮಾರು 49 ದಿನಗಳು. ವಾಸ್ತವವಾಗಿ ಹಿಡಿದದ್ದು ಸುಮಾರು 56 ದಿನಗಳು. ಅತಿ ಕೆಟ್ಟ ಸ್ಥಿತಿಯನ್ನು ಊಹಿಸಿಕೊಂಡು ಹೇಳಿದ ಲೆಕ್ಕವೂ ಸಾಲಲಿಲ್ಲ. ಯೋಜನೆ ಹಾಕುವವನು ಮುಂದಿನ ಕೆಲಸದ ಅಂದವಾದ ಚಿತ್ರವನ್ನು ಮಾತ್ರ ನೋಡುತ್ತಾನೆ. ಹಿಂದಿನ ಸತ್ರದಲ್ಲಿ ಇಂಥದೇ ಕೆಲಸಕ್ಕೆ ಎಷ್ಟು ದಿನ ಹಿಡಿಯಿತೆಂಬುದನ್ನು ನೆನೆಯುವುದಿಲ್ಲ. ಜ್ವರ, ಮದುವೆ, ಹಬ್ಬ, ಕೆಟ್ಟುಹೋದ ಜೆರಾಕ್ಸ್ ಯಂತ್ರ ಯಾವುದೂ ಆ ಚಿತ್ರದಲ್ಲಿ ಇರುವುದಿಲ್ಲ.

ಎರಡನೆಯ ಮೀನಿನ ಭರವಸೆ

'ಒತ್ತಡವಿದ್ದರೇ ಕೆಲಸ ಚೆನ್ನಾಗುತ್ತದೆ' ಎಂಬುದು ವಿಳಂಬಿಗಳು ಸಾಮಾನ್ಯವಾಗಿ ಕೊಡುವ ಸಮರ್ಥನೆ. ಅವರು ತಮ್ಮನ್ನು ಮೂರನೆಯ ಮೀನೆಂದು ಭಾವಿಸಿರುವುದಿಲ್ಲ, ಪ್ರತ್ಯುತ್ಪನ್ನಮತಿಯೆಂದು ಭಾವಿಸಿರುತ್ತಾರೆ. ಈ ಭರವಸೆಯನ್ನು ಡಯಾನ್ ಟೈಸ್ ಮತ್ತು ರಾಯ್ ಬೌಮೈಸ್ಟರ್ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒರೆಗೆ ಹಚ್ಚಿದರು. ಒಂದು ಸತ್ರದ ಉದ್ದಕ್ಕೂ ವಿದ್ಯಾರ್ಥಿಗಳ ಮನಸ್ಸಿನ ಒತ್ತಡ, ಆರೋಗ್ಯ ಮತ್ತು ಅಂಕಗಳನ್ನು ಗಮನಿಸಲಾಯಿತು. ಸತ್ರದ ಮೊದಲ ಭಾಗದಲ್ಲಿ ವಿಳಂಬಿಗಳೇ ಸುಖಿಗಳಾಗಿದ್ದರು. ಅವರಿಗೆ ಒತ್ತಡ ಕಡಿಮೆ, ಕಾಯಿಲೆಯೂ ಕಡಿಮೆ. ಸತ್ರದ ಕೊನೆಯಲ್ಲಿ ಚಿತ್ರ ತಲೆಕೆಳಗಾಯಿತು. ಒತ್ತಡವೂ ಕಾಯಿಲೆಯೂ ಅವರಲ್ಲಿಯೇ ಹೆಚ್ಚಾದವು. ಒಟ್ಟು ಕೂಡಿಸಿ ನೋಡಿದಾಗ ಮೊದಲು ಉಳಿಸಿದ್ದಕ್ಕಿಂತ ಕೊನೆಗೆ ತೆತ್ತದ್ದೇ ಹೆಚ್ಚಾಗಿತ್ತು. ಅವರ ಅಂಕಗಳೂ ಉಳಿದವರಿಗಿಂತ ಕಡಿಮೆಯಾಗಿದ್ದವು.

ಒತ್ತಡದಲ್ಲಿ ಕೆಲಸ ಬೇಗ ಸಾಗುತ್ತದೆ ಎಂಬುದು ನಿಜ. ಚೆನ್ನಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಕೊನೆಯ ರಾತ್ರಿಯ ಬರವಣಿಗೆಯಲ್ಲಿ ಮೊದಲು ಬಿಟ್ಟುಹೋಗುವುದು ತಿದ್ದುವಿಕೆ. ಸಾಹಿತ್ಯದ ವಿದ್ಯಾರ್ಥಿಗಾದರೋ ತಿದ್ದುವಿಕೆಯೇ ಅರ್ಧ ಕೆಲಸ.

ಸನ್ನಿವೇಶದ ಪಾಲು

ಇಷ್ಟರಿಂದ ತಪ್ಪೆಲ್ಲವೂ ವಿದ್ಯಾರ್ಥಿಯದೇ ಎಂದಾಗಬಾರದು. ಕೊಟ್ಟ ಕೆಲಸ ಅಸ್ಪಷ್ಟವಾಗಿದ್ದಷ್ಟೂ ವಿಳಂಬ ಹೆಚ್ಚುತ್ತದೆ. 'ವಚನ ಸಾಹಿತ್ಯದ ಮೇಲೆ ಪ್ರಬಂಧ ಬರೆಯಿರಿ' ಎಂದರೆ ವಿದ್ಯಾರ್ಥಿ ಎಲ್ಲಿಂದ ತೊಡಗಬೇಕೆಂದು ತಿಳಿಯದೆ ಕೂಡುತ್ತಾನೆ. ಒಬ್ಬ ವಚನಕಾರ್ತಿಯ ಐದು ವಚನಗಳನ್ನು ಆರಿಸಿ ಅವುಗಳಲ್ಲಿ ಬರುವ ಕಾಯಕದ ಉಪಮೆಗಳನ್ನು ವಿವರಿಸಬೇಕೆಂದರೆ ಆ ಸಂಜೆಯೇ ತೊಡಗಬಹುದು. ಗಡುವಿನ ವಿಷಯವೂ ಹೀಗೆಯೇ. ಡಾನ್ ಏರಿಯಲಿ ಮತ್ತು ಕ್ಲಾಸ್ ವೆರ್ಟೆನ್‌ಬ್ರೊಕ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ಒಂದು ವರ್ಗದವರಿಗೆ ಮೂರು ಪ್ರಬಂಧಗಳಿಗೆ ಸಮಾನ ಅಂತರದ ಗಡುವುಗಳನ್ನು ವಿಧಿಸಲಾಯಿತು, ಇನ್ನೊಂದು ವರ್ಗದವರು ತಮ್ಮ ಗಡುವುಗಳನ್ನು ತಾವೇ ಗೊತ್ತುಪಡಿಸಿಕೊಂಡರು. ಸ್ವಾತಂತ್ರ್ಯ ಇದ್ದವರಲ್ಲಿ ಬಹುಮಂದಿ ಕೊನೆಯ ದಿನದವರೆಗೆ ಕಾಯದೆ ಮೊದಲೇ ಗಡುವು ಹಾಕಿಕೊಂಡರು. ತಮ್ಮ ದೌರ್ಬಲ್ಯ ಅವರಿಗೆ ತಿಳಿದಿತ್ತು. ಆದರೂ ಸಮಾನ ಅಂತರದ ಗಡುವುಳ್ಳ ವರ್ಗಕ್ಕೆ ಹೆಚ್ಚು ಅಂಕಗಳು ಬಂದವು. ಚಿಕ್ಕ ಗುಂಪಿನ ಅಧ್ಯಯನವಾದರೂ ಇದು ಯೋಚನೆಗೆ ಎಡೆಗೊಡುತ್ತದೆ. ಸತ್ರದ ಕೊನೆಯ ಒಂದು ದಿನಕ್ಕೆ ಎಲ್ಲವನ್ನೂ ಬಿಟ್ಟು, ಆ ದಿನವನ್ನೂ ಎರಡೆರಡು ಸಲ ಮುಂದೂಡುವ ಪದ್ಧತಿ ವಿದ್ಯಾರ್ಥಿಗಳಿಗೆ ಉಪಕಾರ ಮಾಡಿದಂತೆ ತೋರಿದರೂ ದೀರ್ಘಸೂತ್ರತೆಯನ್ನು ಕಲಿಸುತ್ತದೆ.

ಇನ್ನೊಂದು ಎಚ್ಚರಿಕೆ ಅಗತ್ಯ. ವಾರಗಟ್ಟಲೆ ಯಾವುದರಲ್ಲಿಯೂ ಆಸಕ್ತಿಯಿಲ್ಲದಿರುವುದು, ನಿದ್ರೆ ಕೆಡುವುದು, ಬದುಕೇ ಬೇಡವೆನಿಸುವುದು ಇವು ಕಾಲವಿಳಂಬದ ಲಕ್ಷಣಗಳಲ್ಲ; ಖಿನ್ನತೆಯ ಲಕ್ಷಣಗಳಿರಬಹುದು. ಅಂಥ ಸಂದರ್ಭದಲ್ಲಿ ಉಪದೇಶ ಸಾಲದು, ವೈದ್ಯರ ನೆರವು ಬೇಕು. 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆಮಾಡಿ ಭಾರತದ ಹಲವು ಭಾಷೆಗಳಲ್ಲಿ ಮಾತನಾಡಬಹುದು.

ಬಿಡುಗಡೆಯ ಉಪಾಯಗಳು

ಮೊದಲನೆಯದು, ನಿರ್ಧಾರಕ್ಕೆ ಹೊತ್ತನ್ನೂ ಸ್ಥಳವನ್ನೂ ಕೂಡಿಸುವುದು. ಪೀಟರ್ ಗಾಲ್ವಿಟ್ಜರ್ ಮತ್ತು ವೆರೋನಿಕಾ ಬ್ರಾಂಡ್‌ಶ್ಟೆಟರ್ ಅವರ 1997ರ ಅಧ್ಯಯನದಲ್ಲಿ, ಕ್ರಿಸ್‌ಮಸ್ ಹಿಂದಿನ ಸಂಜೆಯನ್ನು ಹೇಗೆ ಕಳೆದೆವೆಂಬ ವರದಿಯನ್ನು ಮುಂದಿನ 48 ಗಂಟೆಗಳೊಳಗೆ ಬರೆಯಲು ವಿದ್ಯಾರ್ಥಿಗಳಿಗೆ ಹೇಳಲಾಯಿತು. ಎಲ್ಲಿ, ಯಾವಾಗ ಬರೆಯುವೆನೆಂದು ಮೊದಲೇ ನಿಗದಿಪಡಿಸಿದವರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿ ಬರೆದರು. ಉಳಿದವರಲ್ಲಿ ಬರೆದವರು ಸುಮಾರು ಮೂರರಲ್ಲೊಂದು ಪಾಲು. 'ಈ ವಾರ ಓದುತ್ತೇನೆ' ಎಂಬುದು ಹಾರೈಕೆ. 'ಬುಧವಾರ ಮೂರನೆಯ ತಾಸು ಮುಗಿದೊಡನೆ ಗ್ರಂಥಾಲಯದ ಕಿಟಕಿಯ ಬಳಿ ಕುಳಿತು ಎರಡು ಪದ್ಯಗಳ ಅನ್ವಯ ಬರೆಯುತ್ತೇನೆ' ಎಂಬುದು ನಿರ್ಧಾರ.

ಎರಡನೆಯದು, ಅತಿ ಚಿಕ್ಕದಾಗಿ ತೊಡಗುವುದು. ಅರ್ಧಕ್ಕೆ ನಿಂತ ಕೆಲಸವನ್ನು ಮತ್ತೆ ಕೈಗೆತ್ತಿಕೊಳ್ಳುವ ಒಲವು ಮನಸ್ಸಿಗಿದೆ ಎಂಬುದನ್ನು ಮರಿಯಾ ಓವ್ಸಿಯಾಂಕಿನಾ 1928ರಷ್ಟು ಹಿಂದೆಯೇ ತೋರಿಸಿದ್ದರು. ತೊಡಗದ ಕೆಲಸಕ್ಕೆ ಆ ಸೆಳೆತವಿಲ್ಲ. ಹಳಗನ್ನಡದ ಪದ್ಯದ ಆರು ಕಠಿಣ ಶಬ್ದಗಳಲ್ಲಿ ಎರಡಕ್ಕೆ ನಿಘಂಟಿನಲ್ಲಿ ಅರ್ಥ ನೋಡಿ ಅಂಚಿನಲ್ಲಿ ಬರೆದಿಟ್ಟರೆ ಮರುದಿನ ಆ ಪುಟ ಅಷ್ಟು ಅಪರಿಚಿತವಾಗಿ ತೋರುವುದಿಲ್ಲ.

ಮೂರನೆಯದು, ಅಂದಾಜನ್ನು ಅನುಭವಕ್ಕೆ ಕಟ್ಟುವುದು. ಹಿಂದಿನ ಗೃಹಪಾಠಕ್ಕೆ ಹನ್ನೆರಡು ದಿನ ಹಿಡಿದಿದ್ದರೆ ಮುಂದಿನದಕ್ಕೂ ಹನ್ನೆರಡು ದಿನಗಳನ್ನೇ ಎಣಿಸಬೇಕು, ಈ ಸಲ ಐದೇ ಸಾಕೆಂಬ ಮನಸ್ಸಿನ ಮಾತನ್ನು ನಂಬಬಾರದು. ಹಾಗೆಯೇ ಮೊಬೈಲನ್ನು ಓದುವ ಕೋಣೆಯ ಹೊರಗಿಡುವುದು ಮನೋನಿಗ್ರಹಕ್ಕಿಂತ ಸುಲಭ.

ನಾಲ್ಕನೆಯದು ಅನಿರೀಕ್ಷಿತವಾದುದು: ತನ್ನನ್ನು ತಾನು ಕ್ಷಮಿಸುವುದು. ಮೈಕೆಲ್ ವೋಲ್, ಪಿಚಲ್ ಮತ್ತು ಸಂಗಡಿಗರು 2010ರಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳನ್ನು ಎರಡು ಪರೀಕ್ಷೆಗಳ ನಡುವೆ ಪರಿಶೀಲಿಸಿದರು. ಮೊದಲ ಪರೀಕ್ಷೆಗೆ ತಡವಾಗಿ ಓದಿದ್ದಕ್ಕೆ ತಮ್ಮನ್ನು ಕ್ಷಮಿಸಿಕೊಂಡವರು ಎರಡನೆಯ ಪರೀಕ್ಷೆಗೆ ಕಡಿಮೆ ತಡಮಾಡಿದರು. ಹಿಂದೆ ಹೇಳಿದ ಭಾವನೆಗಳ ಸುಳಿಯನ್ನು ನೆನೆದರೆ ಇದರ ತರ್ಕ ಸ್ಪಷ್ಟವಾಗುತ್ತದೆ. ತನ್ನನ್ನು ಹಳಿದುಕೊಂಡಷ್ಟೂ ಕೆಲಸ ಅಹಿತವಾಗುತ್ತದೆ, ಅಹಿತವಾದಷ್ಟೂ ದೂರ ಹೋಗುತ್ತದೆ. ವಿದ್ಯಾರ್ಥಿಯನ್ನು ವರ್ಗದಲ್ಲಿ ಎಲ್ಲರೆದುರು ನಾಚಿಸುವುದೂ ಈ ಕಾರಣದಿಂದಲೇ ನಿಷ್ಫಲ.

ತಡಕ್ಕೆ ತೆರುವ ಬೆಲೆ

ತಡವಾದ ಗೃಹಪಾಠದಿಂದ ಹೋಗುವುದು ಹೆಚ್ಚೆಂದರೆ ನಾಲ್ಕಾರು ಅಂಕಗಳು. ಆದರೆ ಗಡಿನಾಡಿನ ಕನ್ನಡ ವಿದ್ಯಾರ್ಥಿಗೆ ಕೆಲವು ಕೆಲಸಗಳಲ್ಲಿ ನಷ್ಟ ಅದಕ್ಕಿಂತ ದೊಡ್ಡದು. ಜನಪದ ಸಾಹಿತ್ಯದ ಪತ್ರಿಕೆಗೆ ತನ್ನ ಊರಿನ ಹಾಡುಗಳನ್ನು ಸಂಗ್ರಹಿಸಿ ತರುವ ಕೆಲಸ ಅಂಥದು. ಊರಿಗೆ ಹಿಟ್ಟಿನ ಗಿರಣಿ ಬಂದಾಗ ಬೀಸುಕಲ್ಲು ಮೂಲೆಗೆ ಸರಿಯಿತು, ಬೀಸುವ ಪದಗಳಿಗೆ ಹೊತ್ತೇ ಇಲ್ಲವಾಯಿತು. ರಾಶಿ ಮಾಡುವ ಯಂತ್ರ ಬಂದ ಮೇಲೆ ಕಣದಲ್ಲಿ ಎತ್ತುಗಳ ಹಿಂದೆ ಹಾಡುತ್ತಿದ್ದ ಹಂತಿಯ ಪದಗಳೂ ಹೋದವು. ಮೊಹರಮ್ಮಿನ ರಿವಾಯತ್ ಪದಗಳನ್ನು ಕನ್ನಡದಲ್ಲಿ ಹಾಡಬಲ್ಲವರು ಊರಿಗೆ ಒಬ್ಬಿಬ್ಬರು ಉಳಿದಿರಬಹುದು. ಈ ಹಾಡುಗಳು ಯಾವ ಗ್ರಂಥಾಲಯದಲ್ಲಿಯೂ ಇಲ್ಲ. ಎಪ್ಪತ್ತು, ಎಂಬತ್ತು ವರ್ಷದ ಅಜ್ಜಿಯರ, ಅಜ್ಜಂದಿರ ನೆನಪಿನಲ್ಲಿ ಇವೆ. ದೀಪಾವಳಿಯ ರಜೆಯಲ್ಲಿ ಕೇಳಿದರಾಯಿತು, ಬೇಸಿಗೆಯಲ್ಲಿ ಕೇಳಿದರಾಯಿತು ಎಂದು ದಿನ ತಳ್ಳುವ ವಿದ್ಯಾರ್ಥಿಗೆ ಅಧ್ಯಾಪಕರು ಗಡುವನ್ನು ವಿಸ್ತರಿಸಿ ಕೊಡಬಹುದು. ಹಾಡುವವರ ಆಯುಷ್ಯವನ್ನು ವಿಸ್ತರಿಸಿ ಕೊಡುವವರಿಲ್ಲ.

ಅಂಥ ಕೆಲಸಕ್ಕೆ ಮೇಲಿನ ಉಪಾಯಗಳನ್ನು ಅನ್ವಯಿಸುವುದು ಕಷ್ಟವೇನಲ್ಲ. 'ಜನಪದ ಗೀತೆಗಳ ಸಂಗ್ರಹ' ಎಂಬ ದೊಡ್ಡ ಹೆಸರನ್ನು ಮರೆತು, ಬರುವ ಭಾನುವಾರ ಸಂಜೆ ಊಟಕ್ಕೆ ಮುಂಚೆ ಮನೆಯ ಅಥವಾ ನೆರೆಮನೆಯ ಹಿರಿಯರೊಬ್ಬರ ಬಳಿ ಕುಳಿತು ಒಂದು ಹಾಡನ್ನು ಕೇಳಬೇಕು. ಕಾಲಹರಣಕ್ಕೆ ನೆರವಾಗುವ ಮೊಬೈಲಿನಲ್ಲಿಯೇ ಅದನ್ನು ಧ್ವನಿಮುದ್ರಿಸಿಕೊಳ್ಳಬಹುದು. ಹಾಡಿದವರ ಹೆಸರು, ವಯಸ್ಸು, ಊರು, ಹಾಡಿದ ದಿನಾಂಕಗಳನ್ನು ವಹಿಯಲ್ಲಿ ಬರೆದಿಟ್ಟು, ಕೇಳಿದ ಹಾಗೆಯೇ, ಮರಾಠಿ ಬೆರೆತಿದ್ದರೆ ಬೆರೆತ ಹಾಗೆಯೇ, ಹಾಡನ್ನು ಲಿಪಿಗಿಳಿಸಬೇಕು. ಮುನ್ನುಡಿ, ವಿಶ್ಲೇಷಣೆ, ಅಚ್ಚುಕಟ್ಟಾದ ಭಾಷೆ ಇವೆಲ್ಲ ಆಮೇಲಿನ ಮಾತು. ಅವುಗಳಿಗೆ ನಾಳೆಯೂ ಕಾಲವಿದೆ.